ನನ್ನ ಹಾಟ್ ರಾಡ್‌ಗೆ ಕೊನೆಗೂ ಮೆಕ್ಯಾನಿಕಲ್ ಪೆಟ್ರೋಲ್ ಪಂಪೇ ಸರಿಹೋಯ್ತು
ನನ್ನ ಹಾಟ್ ರಾಡ್, ಅಂದ್ರೆ ಮಾರ್ಪಡಿಸಿದ ಹಳೇ ಕಾರಲ್ಲಿ ಇರೋದು ಕಾರ್ಬುರೇಟರ್ ಹಾಕಿರೋ 350 ಸ್ಮಾಲ್ ಬ್ಲಾಕ್ ಷೆವಿ (ಷೆವರ್ಲೆ ವಿ8) ಇಂಜಿನ್. ಒಂದಿನ ಡಿಪ್‌ಸ್ಟಿಕ್ ಎಳೆದ್ರೆ ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಮೂಗಿಗೆ ಹೊಡೀತು, ಇಂಜಿನ್ನೇ ಓಡಿಸೋ ಮೆಕ್ಯಾನಿಕಲ್ ಪಂಪಿನ ಡಯಾಫ್ರಾಮ್ (ಒಳಗಿನ ಪೊರೆ) ಹರಿದು ಒಳಗೇ ಸೋರ್ತಿತ್ತು. ಆಯಿಲ್ ಪೂರ್ತಿ ಬದಲಾಯಿಸ್ದೆ, ಹೇಗೂ ಬಿಚ್ಚಿದ್ದೀನಲ್ಲ, ಎಲೆಕ್ಟ್ರಿಕ್ಕೇ ಹಾಕ್ಬಿಡೋಣ ಅಂತ ಆ ಜಾಗಕ್ಕೆ ಪ್ಲೇಟ್ ಮುಚ್ಚಿದೆ.

ವೈರ್ ಎಳೆಯೋದು ಸುಲಭ ಅಂತ ಹೊಸ ಪಂಪನ್ನ ಇಂಜಿನ್ ಪಕ್ಕದಲ್ಲೇ ಕೂರಿಸಿದ್ದು ತಪ್ಪಾಯ್ತು. ಎಲೆಕ್ಟ್ರಿಕ್ ಪಂಪ್ ತಳ್ಳೋದ್ರಲ್ಲಿ ಗಟ್ಟಿ, ಎಳೆಯೋದ್ರಲ್ಲಿ ವೀಕು. ಎಳೆಯೋ ಕಡೆ ಪ್ರೆಷರ್ ಇಳಿದಾಗ ಪೆಟ್ರೋಲ್ ಕಮ್ಮಿ ಬಿಸಿಗೇ ಆವಿ ಆಗುತ್ತೆ, ಅದರ ಮೇಲೆ ಇಂಜಿನ್ ಕಾವು ಬೇರೆ, ಅರ್ಧ ಗಂಟೆ ಓಡಿಸಿದ್ರೆ ಗಾಡಿ ನಿಂತೇಬಿಡೋದು. ಹಿಂದೆ ಟ್ಯಾಂಕ್ ಪಕ್ಕ, ತಳಕ್ಕಿಂತ ಸ್ವಲ್ಪ ಕೆಳಗೆ ಬರೋ ಹಾಗೆ ಕಟ್ಟಿದ ಮೇಲೆ ಆ ತೊಂದರೆ ಹೋಯ್ತು. ಆದ್ರೆ ಎಲೆಕ್ಟ್ರಿಕ್ ಅಂದ್ರೆ ಬರೀ ಪಂಪ್ ಅಲ್ಲ, ರಿಲೇ, ಫ್ಯೂಸ್, ದಪ್ಪ ವೈರ್, ಪ್ರೆಷರ್ ಹತೋಟಿಲಿಡೋ ರೆಗ್ಯುಲೇಟರ್, ಎಲ್ಲಕ್ಕಿಂತ ಮುಖ್ಯ ಇಂಜಿನ್ ನಿಂತು ಆಯಿಲ್ ಪ್ರೆಷರ್ ಇಳಿದ್ರೆ ಪಂಪ್ ಆಫ್ ಮಾಡೋ ಆಯಿಲ್ ಪ್ರೆಷರ್ ಸ್ವಿಚ್. ಅದಿಲ್ದಿದ್ರೆ, ಗಾಡಿ ಗುದ್ದಿ ಇಂಜಿನ್ ನಿಂತ್ರೂ ಇಗ್ನಿಷನ್ ಆನ್ ಇದ್ರೆ ಪಂಪ್ ತಳ್ತಾನೇ ಇರುತ್ತೆ, ಪೈಪ್ ಕಿತ್ತುಹೋಗಿದ್ರೆ ಆ ಪೆಟ್ರೋಲ್ ಬೀಳೋದು ಬಿಸಿ ಎಕ್ಸಾಸ್ಟ್ ಮೇಲೆ. ಆ ಸ್ವಿಚ್ ಇಲ್ಲದೆ ಓಡಿಸೋರನ್ನ ಕಂಡ್ರೆ ನಂಗೆ ನಿಜವಾಗ್ಲೂ ಭಯ ಆಗುತ್ತೆ.

ಎಲ್ಲಾ ಸರಿಯಾಗಿದ್ರೂ ಸೀಟ್ ಹಿಂದೆ ಗುಂಯ್ ಅನ್ನೋ ಸದ್ದು ಮಾತ್ರ ನಿಲ್ಲಲಿಲ್ಲ. ನನ್ನ ಕಾರ್ಬುರೇಟರ್ ಕೇಳೋದೇ ಸುಮಾರು 6 ಪಿಎಸ್‌ಐ ಪ್ರೆಷರ್, ಅದಕ್ಕೆ ಇಷ್ಟೆಲ್ಲಾ ಯಾಕೆ ಅನ್ನಿಸಿ ವಾಪಸ್ ಹೊಸ ಮೆಕ್ಯಾನಿಕಲ್ ತಂದೆ. ಕೂರಿಸುವಾಗ ಪುಷ್‌ರಾಡ್ (ಪಂಪ್ ಲಿವರನ್ನ ತಳ್ಳೋ ಕಡ್ಡಿ) ಕೆಳಗೆ ಜಾರಿ ಪಂಪ್ ಲಿವರ್‌ಗೆ ಅಡ್ಡ ಬರುತ್ತೆ, ಬೆರಳಲ್ಲಿ ಹಿಡಿಯಕ್ಕೂ ಜಾಗ ಇರಲ್ಲ. ಬ್ಲಾಕ್ ಮುಂದೆ, ಪುಷ್‌ರಾಡ್ ತೂತಿಗೆ ನೇರ ತಾಗೋ ಒಂದು ಬೋಲ್ಟ್ ಇದೆ, ಅದನ್ನ ತೆಗೆದು, ರಾಡನ್ನ ಮೇಲಕ್ಕೆ ತಳ್ಳಿ ಹಿಡ್ಕೊಂಡು, ಅಲ್ಲಿಗೆ ಉದ್ದದ ಬೋಲ್ಟ್ ಹಾಕಿ ಕೈಯಲ್ಲೇ ಮೆಲ್ಲಗೆ ತಿರುಗಿಸಿದ್ರೆ ರಾಡ್ ಅಲ್ಲೇ ನಿಲ್ಲುತ್ತೆ. ಪಂಪ್ ಕೂತ ಮೇಲೆ ಮರೀದೆ ಹಳೇ ಗಿಡ್ಡ ಬೋಲ್ಟೇ ವಾಪಸ್ ಹಾಕ್ಬೇಕು, ಉದ್ದದ್ದು ಬಿಟ್ರೆ ರಾಡ್ ಆಡಲ್ಲ.

ಫ್ಯೂಯಲ್ ಇಂಜೆಕ್ಷನ್ ಹಾಕೋರಿಗೆ ಈ ಆಯ್ಕೆನೇ ಇಲ್ಲ, 43 ಇಲ್ಲಾ 58 ಪಿಎಸ್‌ಐ ಬೇಕು, ಎಲೆಕ್ಟ್ರಿಕ್ಕೇ ಗತಿ. ನಂಗೀಗ ಇರೋ ಕಷ್ಟ ಒಂದೇ, ವಾರಗಟ್ಟಲೆ ನಿಲ್ಲಿಸಿದ್ರೆ ಕಾರ್ಬುರೇಟರ್ ಬೌಲ್ (ಪೆಟ್ರೋಲ್ ನಿಲ್ಲೋ ಬಟ್ಟಲು) ಒಣಗುತ್ತೆ, ಸೆಲ್ಫ್ ಹೊಡೀತಾನೇ ಇರ್ಬೇಕು. ಅದಕ್ಕೆ ಈಗ ಸ್ಟಾರ್ಟ್ ಮಾಡೋ ಮುಂಚೆ ಅದರ ವೆಂಟ್ ಟ್ಯೂಬಲ್ಲಿ (ಗಾಳಿ ಕೊಳವೆ) ಸ್ವಲ್ಪ ಪೆಟ್ರೋಲ್ ಬಿಟ್ಟು ಬೌಲ್ ತುಂಬಿಸ್ಕೊಳ್ತೀನಿ.