ಆ್ಯಕ್ಸೆಸ್ ಪಾಯಿಂಟ್‌ಗೆ ಕಾಯಂ ವಿಳಾಸ: ಜನ ಎಡವುವುದು ಎಲ್ಲಿ?

ವೈಫೈ ಸರಿಯಾಗಿ ಸಿಗದ ಕೋಣೆಗೆಂದು ಆ್ಯಕ್ಸೆಸ್ ಪಾಯಿಂಟ್ (ರೂಟರ್‌ಗೆ ಜೋಡಿಸಿ ವೈಫೈ ಹಬ್ಬಿಸುವ ಉಪಕರಣ) ತಂದು ಹಾಕುತ್ತೀರಿ. ಕೆಲಸವನ್ನೂ ಮಾಡುತ್ತದೆ. ಕೆಲವು ತಿಂಗಳ ನಂತರ ಅದರ ಪಾಸ್‌ವರ್ಡ್ ಬದಲಿಸಲು ಹೋದರೆ, ಅದರ ಸೆಟ್ಟಿಂಗ್ ಪುಟ ಯಾವ ವಿಳಾಸದಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಮನೆಯ ಉಪಕರಣಗಳಿಗೆಲ್ಲ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಅವನ್ನು ಗುರುತಿಸುವ ಸಂಖ್ಯೆ, ಹಂಚುವುದು ರೂಟರ್. ಈ ಹಂಚಿಕೆಗೆ ಡಿಎಚ್‌ಸಿಪಿ ಅನ್ನುತ್ತಾರೆ. ಹೀಗೆ ಸಿಕ್ಕ ವಿಳಾಸಕ್ಕೆ ಅವಧಿ ಇರುತ್ತದೆ, ಇವತ್ತು ಇದ್ದದ್ದು ನಾಳೆಯೂ ಇರಲೇಬೇಕೆಂದಿಲ್ಲ. ಫೋನಿಗೆ ಇದರಿಂದ ತೊಂದರೆ ಇಲ್ಲ. ನಾವೇ ಹುಡುಕಿಕೊಂಡು ಹೋಗಬೇಕಾದ ಉಪಕರಣಕ್ಕೆ ಮಾತ್ರ ಕಾಯಂ ವಿಳಾಸ ಬೇಕು.

ಮೊದಲು ರೂಟರ್‌ನ ಸೆಟ್ಟಿಂಗ್ ಪುಟಕ್ಕೆ ಹೋಗಿ. ಅದರ ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಗೊತ್ತಿಲ್ಲದಿದ್ದರೆ ಕಂಪ್ಯೂಟರ್‌ನ ನೆಟ್‌ವರ್ಕ್ ವಿವರಗಳಲ್ಲಿ ‘ಡೀಫಾಲ್ಟ್ ಗೇಟ್‌ವೇ’ (ಹೊರಗಿನ ಇಂಟರ್‌ನೆಟ್‌ಗೆ ಹೋಗುವ ದಾರಿ) ಅಂತ ಇರುವ ಸಂಖ್ಯೆ ನೋಡಿ.

ಎರಡನೆಯದು ವಿಳಾಸ ಆರಿಸುವುದು. ಜಾಸ್ತಿ ಜನ ಕೆಡಿಸಿಕೊಳ್ಳುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನಿಸೋಣ.

ರೂಟರ್‌ನಲ್ಲಿ ಡಿಎಚ್‌ಸಿಪಿ ಅನ್ನುವ ಕಡೆ ಆರಂಭದ ವಿಳಾಸ, ಕೊನೆಯ ವಿಳಾಸ ಅಂತ ಎರಡು ಸಂಖ್ಯೆ ಇರುತ್ತವೆ. ಇವುಗಳ ನಡುವಿನ ವಿಳಾಸಗಳೆಲ್ಲ ರೂಟರ್ ತನಗೆ ತೋಚಿದಂತೆ ಹಂಚುವ ಸರಕು. ನಿಮ್ಮ ಕಾಯಂ ವಿಳಾಸ ಅದರ ಹೊರಗಿರಬೇಕು. ಈಗ ಆ್ಯಕ್ಸೆಸ್ ಪಾಯಿಂಟ್‌ಗೆ ರೂಟರ್ ಕೊಟ್ಟಿರುವ ಸಂಖ್ಯೆಯನ್ನೇ, ಹೇಗೂ ಕೆಲಸ ಮಾಡುತ್ತಿದೆಯಲ್ಲ ಅಂತ ಕಾಯಂ ಮಾಡುವವರು ಬಹಳ. ಇನ್ನು ಕೆಲವರು ಪಿಂಗ್ ಮಾಡುತ್ತಾರೆ, ಅಂದರೆ ಕಂಪ್ಯೂಟರ್‌ನಿಂದ ಒಂದು ವಿಳಾಸಕ್ಕೆ ‘ಇದ್ದೀಯಾ’ ಅಂತ ಕೇಳಿ ನೋಡುತ್ತಾರೆ. ಉತ್ತರ ಬರದಿದ್ದರೆ ಖಾಲಿ ಅಂದುಕೊಳ್ಳುತ್ತಾರೆ. ಆ ವಿಳಾಸದ ಫೋನ್ ಆಗ ಮನೆಯಲ್ಲೇ ಇಲ್ಲದಿರಬಹುದು. ಪಿಂಗ್‌ಗೆ ಉತ್ತರಿಸದ ಉಪಕರಣಗಳೂ ಇವೆ.

ಇದರ ಪೆಟ್ಟು ತಕ್ಷಣ ಬೀಳುವುದಿಲ್ಲ. ವಾರಗಟ್ಟಲೆ ಎಲ್ಲ ಸರಿಯಿರುತ್ತದೆ. ಒಂದು ದಿನ ರೂಟರ್ ಅದೇ ವಿಳಾಸವನ್ನು ಯಾರದೋ ಲ್ಯಾಪ್‌ಟಾಪಿಗೂ ಕೊಡುತ್ತದೆ. ಲ್ಯಾಪ್‌ಟಾಪ್‌ನಲ್ಲಿ ನೆಟ್ ಬಂದೂ ಬಾರದಂತೆ ಆಡುತ್ತದೆ, ಆ್ಯಕ್ಸೆಸ್ ಪಾಯಿಂಟ್‌ನ ಪುಟ ಒಮ್ಮೆ ತೆರೆದರೆ ಇನ್ನೊಮ್ಮೆ ಇಲ್ಲ. ಆಗ ಜನ ವೈರ್ ಬದಲಿಸುತ್ತಾರೆ, ನೆಟ್ ಕೊಟ್ಟ ಕಂಪನಿಯನ್ನು ಬೈಯುತ್ತಾರೆ. ವಿಳಾಸದ ನೆನಪೇ ಬರುವುದಿಲ್ಲ.

ಕೆಲವು ರೂಟರ್‌ಗಳು ವಿಳಾಸದ ಕೊನೆಯ ಸಂಖ್ಯೆಯಲ್ಲಿ 2ರಿಂದ 254ರವರೆಗೆ ಎಲ್ಲವನ್ನೂ ಹಂಚಿಕೆಗೇ ಇಟ್ಟುಕೊಂಡಿರುತ್ತವೆ, ಹೊರಗೆ ಜಾಗವೇ ಇರುವುದಿಲ್ಲ. ಆಗ ಆರಂಭವನ್ನು 100ಕ್ಕೆ ಏರಿಸಿ, ಕೊನೆಯನ್ನು 200ಕ್ಕೆ ಇಳಿಸಿ. ಒಂದು ಮನೆಗೆ ಅಷ್ಟು ಧಾರಾಳ ಸಾಕು. ಹೀಗೆ ಕುಗ್ಗಿಸಿದ ಮೇಲೂ ಹಳೆಯ ವಿಳಾಸ ಹಿಡಿದ ಫೋನ್‌ಗಳು ಅವಧಿ ಮುಗಿಯುವವರೆಗೆ ಅದನ್ನೇ ಇಟ್ಟುಕೊಂಡಿರಬಹುದು. ರೂಟರ್‌ನ ಉಪಕರಣಗಳ ಪಟ್ಟಿ ನೋಡಿ, ನಿಮಗೆ ಬೇಕಾದ ಸಂಖ್ಯೆ ಯಾರ ಹತ್ತಿರವಾದರೂ ಇದ್ದರೆ ಆ ಉಪಕರಣದ ವೈಫೈ ಆಫ್ ಮಾಡಿ ಆನ್ ಮಾಡಿ. ಪ್ರಿಂಟರ್, ಕ್ಯಾಮೆರಾಗಳಿಗೆ ಮೊದಲೇ ಯಾರಾದರೂ ಕಾಯಂ ವಿಳಾಸ ಕೊಟ್ಟಿದ್ದಾರಾ ಅಂತಲೂ ವಿಚಾರಿಸಿಕೊಳ್ಳಿ.

ರೂಟರ್ 192.168.1.1 ಆಗಿದ್ದರೆ ಆ್ಯಕ್ಸೆಸ್ ಪಾಯಿಂಟ್‌ಗೆ 192.168.1.2 ಕೊಡಿ. ಎರಡನೆಯದಿದ್ದರೆ 3. ನೆನಪಿಡಲು ಇದಕ್ಕಿಂತ ಸುಲಭದ್ದಿಲ್ಲ. ಮೊದಲ ಮೂರು ಸಂಖ್ಯೆ ರೂಟರ್‌ನದ್ದೇ ಇರಲಿ, ಕೊನೆಯದು ಮಾತ್ರ ಬೇರೆ. ಕೊನೆಗೆ 0 ಮತ್ತು 255 ಬೇಡ, ಅವು ಉಪಕರಣಗಳಿಗಲ್ಲ. 192.169 ಅಂತ ಸುಮ್ನೆ ಏನೋ ಹಾಕುವುದೂ ಬೇಡ. 192.168ರಿಂದ ಶುರುವಾಗುವ ವಿಳಾಸಗಳನ್ನು 1996ರ ಆರ್‌ಎಫ್‌ಸಿ 1918 ಅನ್ನುವ ಇಂಟರ್‌ನೆಟ್ ದಾಖಲೆ ಖಾಸಗಿ ನೆಟ್‌ವರ್ಕ್‌ಗಳಿಗೆಂದೇ ಬಿಟ್ಟುಕೊಟ್ಟಿದೆ. 192.169 ಹೊರಗಿನ ಇಂಟರ್‌ನೆಟ್‌ಗೆ ಸೇರಿದ್ದು.

ಇನ್ನು ಆ್ಯಕ್ಸೆಸ್ ಪಾಯಿಂಟ್‌ನ ಸರದಿ. ಅದನ್ನು ಕಂಪ್ಯೂಟರ್‌ಗೆ ನೇರವಾಗಿ ವೈರ್‌ನಲ್ಲೇ ಜೋಡಿಸಿ, ಕಂಪ್ಯೂಟರ್‌ನ ವೈಫೈ ಆಫ್ ಮಾಡಿ. ಇದನ್ನು ಬಿಡಬೇಡಿ. ಹಳೆಯ ರೂಟರನ್ನೇ ಆ್ಯಕ್ಸೆಸ್ ಪಾಯಿಂಟ್ ಮಾಡುತ್ತಿದ್ದರೆ ಅದರ ವಿಳಾಸವೂ 192.168.1.1 ಇರಬಹುದು. ವೈಫೈ ಆನ್ ಇದ್ದರೆ ತೆರೆಯುವುದು ಮುಖ್ಯ ರೂಟರ್‌ನ ಪುಟವಾಗಿರಬಹುದು, ಆಗ ನೀವು ಬದಲಿಸುವುದು ಅದರ ವಿಳಾಸ. ಆಮೇಲೆ ಮನೆಯಿಡೀ ನೆಟ್ ಇಲ್ಲ.

ಪುಟ ತೆರೆಯದಿದ್ದರೆ ಉಪಕರಣದ ಅಡಿಯ ಚೀಟಿ ನೋಡಿ. ಅಲ್ಲಿ 192.168.0.254 ಅಂತಿದ್ದರೆ ಕಂಪ್ಯೂಟರ್‌ಗೆ ತಾತ್ಕಾಲಿಕವಾಗಿ 192.168.0.10, ಸಬ್‌ನೆಟ್ ಮಾಸ್ಕ್ (ವಿಳಾಸದ ಎಷ್ಟು ಭಾಗ ಇಡೀ ನೆಟ್‌ವರ್ಕ್‌ನದ್ದು ಅಂತ ಹೇಳುವ ಸಂಖ್ಯೆ) 255.255.255.0 ಕೊಡಿ. (ಮೊಬೈಲ್ ಆ್ಯಪ್ ಇಲ್ಲದೆ ಏನೂ ಮಾಡಲು ಬಿಡದ ಆ್ಯಕ್ಸೆಸ್ ಪಾಯಿಂಟ್‌ಗಳೂ ಬರುತ್ತಿವೆ. ನನ್ನನ್ನು ಕೇಳಿದರೆ ಅಂಥದ್ದನ್ನು ಕೊಳ್ಳಲೇಬೇಡಿ.)

ತುಂಬಬೇಕಾದ್ದು ನಾಲ್ಕೇ. ಐಪಿ ವಿಳಾಸ 192.168.1.2, ಮಾಸ್ಕ್ 255.255.255.0, ಗೇಟ್‌ವೇ ಮತ್ತು ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವುದು) ಎರಡಕ್ಕೂ ರೂಟರ್‌ನ ವಿಳಾಸ. ಗೇಟ್‌ವೇ ಖಾಲಿ ಬಿಟ್ಟರೆ ಫೋನ್‌ಗಳಿಗೆ ನೆಟ್ ಬರುತ್ತದೆ, ಆದರೆ ಆ್ಯಕ್ಸೆಸ್ ಪಾಯಿಂಟ್ ತನ್ನ ಗಡಿಯಾರ ಸರಿಮಾಡಿಕೊಳ್ಳಲಾಗದು, ಅಪ್‌ಡೇಟ್ ತರಿಸಿಕೊಳ್ಳಲಾಗದು.

ಹಳೆಯ ರೂಟರ್ ಆದರೆ ಇದನ್ನೆಲ್ಲ ಲ್ಯಾನ್ (LAN, ಮನೆಯೊಳಗಿನ ನೆಟ್‌ವರ್ಕ್) ಪುಟದಲ್ಲಿ ಮಾಡಿ, ವ್ಯಾನ್ (WAN, ಹೊರಗಿನ ಸಂಪರ್ಕ) ಅಥವಾ ಇಂಟರ್‌ನೆಟ್ ಅನ್ನುವ ಪುಟದಲ್ಲಲ್ಲ. ಮೊದಲು ವಿಳಾಸ ಬದಲಿಸಿ, ಹೊಸ ವಿಳಾಸದಲ್ಲಿ ಮತ್ತೆ ಒಳಗೆ ಹೋಗಿ ಅದರ ಡಿಎಚ್‌ಸಿಪಿ ನಿಲ್ಲಿಸಿ. ಒಂದೇ ಮನೆಯಲ್ಲಿ ಇಬ್ಬರು ವಿಳಾಸ ಹಂಚಬಾರದು. ಮುಖ್ಯ ರೂಟರ್‌ಗೆ ಜೋಡಿಸುವಾಗಲೂ ಲ್ಯಾನ್ ಕಿಂಡಿಯಿಂದ ಲ್ಯಾನ್ ಕಿಂಡಿಗೇ ವೈರ್ ಹಾಕಿ.

ಸೇವ್ ಒತ್ತಿದ ಮೇಲೆ ಪುಟ ಸುತ್ತುತ್ತಲೇ ಇರುತ್ತದೆ, ಮುಗಿಯುವುದೇ ಇಲ್ಲ. ಗಾಬರಿಯಾಗಿ ರೀಸೆಟ್ ಗುಂಡಿ ಒತ್ತಿಬಿಡುವುದು ಈ ಹೊತ್ತಿನಲ್ಲೇ. ಬ್ರೌಸರ್ ಹಳೆಯ ವಿಳಾಸಕ್ಕೆ ಕಾಯುತ್ತಿದೆ, ಉಪಕರಣ ಆಗಲೇ ಅಲ್ಲಿಂದ ಎದ್ದು ಹೋಗಿದೆ, ಅಷ್ಟೇ. ಒಂದೆರಡು ನಿಮಿಷ ಬಿಡಿ. ಕಂಪ್ಯೂಟರ್‌ಗೆ ಕೈಯಾರೆ ಕೊಟ್ಟ ವಿಳಾಸ ತೆಗೆದು ಮತ್ತೆ ‘ಆಟೊಮ್ಯಾಟಿಕ್’ ಮಾಡಿ. ಇದನ್ನು ಮರೆತು ನೆಟ್ ಹೋಯಿತು ಅನ್ನುವವರಿಗೆ ಲೆಕ್ಕವಿಲ್ಲ. ಆ್ಯಕ್ಸೆಸ್ ಪಾಯಿಂಟನ್ನೂ ಕಂಪ್ಯೂಟರನ್ನೂ ರೂಟರ್‌ಗೆ ಜೋಡಿಸಿ 192.168.1.2 ಟೈಪ್ ಮಾಡಿ. ಪುಟ ಬಂತಾ? ವಿಳಾಸ ಬರೆದ ಚೀಟಿಯನ್ನು ಉಪಕರಣದ ಮೇಲೆ ಅಂಟಿಸಿ.

ಇಷ್ಟೆಲ್ಲ ಯಾಕೆ, ಮ್ಯಾಕ್ ವಿಳಾಸ (ಉಪಕರಣಕ್ಕೆ ತಯಾರಕರೇ ಕೊಟ್ಟ ಗುರುತಿನ ಸಂಖ್ಯೆ) ಕೊಟ್ಟು ರೂಟರ್‌ನಲ್ಲೇ ರಿಸರ್ವೇಶನ್ ಮಾಡಿದರೆ, ಅಂದರೆ ಅದಕ್ಕೆ ಯಾವಾಗಲೂ ಒಂದೇ ಐಪಿ ವಿಳಾಸ ಸಿಗುವಂತೆ ಕಾದಿರಿಸಿದರೆ, ಸಾಲದಾ ಅಂತ ಕೇಳಬಹುದು. ಪ್ರಿಂಟರ್‌ಗೆ ಧಾರಾಳವಾಗಿ ಮಾಡಿ. ಆದರೆ ರೂಟರ್ ಬದಲಿಸಿದ ದಿನ ಆ ಪಟ್ಟಿಯೂ ಹೋಗುತ್ತದೆ. ಉಪಕರಣದೊಳಗೇ ಬರೆದ ವಿಳಾಸ ಉಳಿಯುತ್ತದೆ. ಹೊಸ ರೂಟರ್ 192.168.0.1 ಅಂತ ಬಂದರೆ ಆ್ಯಕ್ಸೆಸ್ ಪಾಯಿಂಟ್‌ಗಳನ್ನು ಒಂದೊಂದಾಗಿ ತಿದ್ದುತ್ತಾ ಕೂರಬೇಡಿ. ಹೊಸ ರೂಟರ್‌ಗೇ 192.168.1.1 ಕೊಟ್ಟುಬಿಡಿ, ಅದರ ಹಂಚಿಕೆಯನ್ನೂ 100ರಿಂದ ಶುರು ಮಾಡಿ.