ಹಳೇ ಕಂಪ್ಯೂಟರ್‌ನಲ್ಲಿ ಡೆಜಾವು ಫೈಲ್ ಪ್ರಿಂಟ್ ತೆಗೆಯುವುದು

ಸ್ಕ್ಯಾನ್ ಮಾಡಿದ ಪುಟಗಳನ್ನು ಚಿಕ್ಕದಾಗಿ ಕುಗ್ಗಿಸಿಡುವ ಡೆಜಾವು (DjVu) ಫೈಲ್ ಹತ್ತೇ ಎಂಬಿ ಇದೆಯೆಂದು ಇಡೀ ಪುಸ್ತಕಕ್ಕೆ ಒಂದೇ ಸಲ ಪ್ರಿಂಟ್ ಕೊಡಬೇಡಿ. ಪ್ರಿಂಟರ್‌ಗೆ ಹೋಗುವ ಮುಂಚೆ ಪ್ರತಿ ಪುಟವೂ ಪೂರ್ತಿ ಚಿತ್ರವಾಗಿ ಬಿಚ್ಚಿಕೊಳ್ಳುತ್ತದೆ. ಎ4 ಅಳತೆ, 600 ಡಿಪಿಐ (ಇಂಚಿಗೆ 600 ಚುಕ್ಕಿ), ಬಣ್ಣ ಎಂದರೆ ಒಂದು ಪುಟಕ್ಕೇ ಸುಮಾರು 100 ಎಂಬಿ! 512 ಎಂಬಿ ರ‍್ಯಾಮ್‌ನ ಯಂತ್ರ ಅಲ್ಲೇ ಕೂತುಬಿಡುತ್ತದೆ. 300 ಡಿಪಿಐಗೆ ಇಳಿಸಿದರೆ ಕಾಲು ಭಾಗ ಸಾಕು.

ಇದಕ್ಕಿಂತ ಒಳ್ಳೆಯ ದಾರಿಯೂ ಇದೆ. ಉಚಿತವಾಗಿ ಸಿಗುವ ಡೆಜಾವುಲಿಬ್ರೆ (DjVuLibre) ತಂತ್ರಾಂಶದಲ್ಲಿನ ಡಿಡಿಡೆಜಾವು (ddjvu) ಕಮಾಂಡ್‌ನಿಂದ ಮೊದಲು ಪಿಡಿಎಫ್ ಮಾಡಿಕೊಳ್ಳಿ, ಮೋಡ್ ‘ಬ್ಲ್ಯಾಕ್’ (black) ಇರಲಿ. ಆಗ ಅಕ್ಷರದ ಪದರ ಮಾತ್ರ ಉಳಿದು ಹಳದಿ ಹಿನ್ನೆಲೆ ಮಾಯವಾಗುತ್ತದೆ, ಟೋನರ್ ಕೂಡ ಉಳಿಯುತ್ತದೆ. ಫೋಟೊ ಇರುವ ಪುಟಗಳು ಹೀಗೆ ಖಾಲಿ ಬರಬಹುದು. ಅವನ್ನು ಬೇರೆಯಾಗಿ ಬಣ್ಣದಲ್ಲೇ ತೆಗೆಯಿರಿ. ಒಂದು ಸಲಕ್ಕೆ ಹತ್ತು ಪುಟ ಸಾಕು.

ಪ್ರಿಂಟ್ ನಡುವೆ ಸಿಕ್ಕಿಕೊಂಡರೆ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದರಷ್ಟೇ ಸಾಲದು. ವಿಂಡೋಸ್ ಸರ್ವಿಸಸ್‌ನಲ್ಲಿ ಪ್ರಿಂಟ್ ಸ್ಪೂಲರ್ (ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿಡುವ ಸೇವೆ) ನಿಲ್ಲಿಸಿ, ಸಿಸ್ಟಮ್32 ಒಳಗಿನ ಸ್ಪೂಲ್ ಫೋಲ್ಡರ್‌ನ ‘ಪ್ರಿಂಟರ್ಸ್’ ಖಾಲಿ ಮಾಡಿ, ಮತ್ತೆ ಸ್ಪೂಲರ್ ಶುರು ಮಾಡಿ. ಸಿ ಡ್ರೈವ್‌ನಲ್ಲಿ ಜಾಗ ಇಲ್ಲದಿದ್ದರೂ ಇದೇ ಗೋಳು.