ಕೇಕ್ ಬೈಟ್ಸ್ ಬಿರುಕು ಬಿಡುವುದು ನಿಂತಿದ್ದು ಹೀಗೆ

ಕೇಕ್ ಪುಡಿಯ ಉಂಡೆಯನ್ನು ಚಾಕೊಲೇಟ್‌ನಲ್ಲಿ ಅದ್ದಿದರೆ ಕೇಕ್ ಬೈಟ್ಸ್. ಮಂಗಳೂರಿನ ಸೆಕೆಗೆ ಮನೆಯಲ್ಲಿ ಅಸಲಿ ಚಾಕೊಲೇಟ್ ನಿಲ್ಲುವುದಿಲ್ಲ, ಕಾಂಪೌಂಡ್ (ಕೋಕೋ ಬೆಣ್ಣೆಯ ಬದಲು ಬೇರೆ ಕೊಬ್ಬು ಹಾಕಿದ್ದು) ಹಾಕು ಸಾಕು ಅಂತ ಬೇಕಿಂಗ್ ಮಾಡುವ ಗೆಳತಿಯರೆಲ್ಲ ಹೇಳಿದ್ದರು. ಕಳೆದ ಡಿಸೆಂಬರ್‌ನಲ್ಲಿ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು) ಜೊತೆ ಕೊಡಲು ಅಸಲಿ ಚಾಕೊಲೇಟ್‌ನಲ್ಲೇ ಸುಮಾರು 600 ಪೀಸ್ ಮಾಡಿದೆ. ಬಿರುಕು ಬಿಟ್ಟಿದ್ದು ಹನ್ನೊಂದೋ ಹನ್ನೆರಡೋ, ಅಷ್ಟೇ.

ಅಲ್ಲಿಗೆ ತಲುಪಲು ಎರಡು ವರ್ಷ ಹಿಡಿಯಿತು. ಮೊದಲ ದೊಡ್ಡ ಆರ್ಡರ್ ಒಂದು ಹುಟ್ಟುಹಬ್ಬಕ್ಕೆ, 120 ಪೀಸ್. ರಾತ್ರಿ ಕನ್ನಡಿ ಹಾಗೆ ಹೊಳೆಯುತ್ತಿದ್ದವು. ಬೆಳಗ್ಗೆ ನೋಡಿದರೆ ಒಂದೊಂದರ ಮೇಲೂ ಕೂದಲೆಳೆಯಷ್ಟು ಗೆರೆ, ಅದರಿಂದ ಜಿಡ್ಡು ಒಸರುತ್ತಿದೆ. ಫ್ರಿಜ್‌ನಲ್ಲಿ ಇಟ್ಟಿದ್ದವು ಹೊರಗೆ ಬಂದ ಐದೇ ನಿಮಿಷಕ್ಕೆ ಬೆವರಿದವು. ಆ ನೀರು ಆರಿದ ಕಡೆಯೆಲ್ಲ ಬಿಳಿ ಕಲೆ. ಮುಂಗಡ ಪೂರ್ತಿ ವಾಪಸ್ ಕೊಟ್ಟೆ. ಸಾಮಾನಿನ ಎರಡು ಸಾವಿರ ಹಾಗೇ ಹೋಯ್ತು, ಅವತ್ತು ಅತ್ತುಬಿಟ್ಟಿದ್ದೆ.

ಚಾಕೊಲೇಟ್ ಕೆಟ್ಟದ್ದು ಅಂದುಕೊಂಡು ದುಬಾರಿಯದು ತಂದೆ. ತೆಳುವಾಗಲಿ ಅಂತ ತೆಂಗಿನೆಣ್ಣೆ ಹಾಕಿದೆ. ಅದು ಮುಟ್ಟಿದರೆ ಬೆರಳಿಗೆ ಅಂಟಿತು. ತಪ್ಪು ಇದ್ದಿದ್ದು ಉಂಡೆಯಲ್ಲಿ. ಮಂಜುಗಡ್ಡೆ ಹಾಗೆ ತಣ್ಣಗಿದ್ದ ಉಂಡೆ ಬೆಚ್ಚಗಾಗುತ್ತಾ ಹಿಗ್ಗುತ್ತದೆ, ಆಗ ಮೇಲಿನ ಚಿಪ್ಪು ಒಡೆಯುತ್ತದೆ. ಈಗ ಫ್ರಿಜ್‌ನಿಂದ ತೆಗೆದ ಉಂಡೆ ಡಬ್ಬಿಯ ಮುಚ್ಚಳ ತಕ್ಷಣ ತೆರೆಯುವುದೇ ಇಲ್ಲ. ಬೆವರು ಡಬ್ಬಿಯ ಹೊರಮೈಗೆ ಕೂರುತ್ತದೆ, ಉಂಡೆ ಒಣಗಿಯೇ ಇರುತ್ತದೆ. ಮುಕ್ಕಾಲು ಗಂಟೆ ಬಿಟ್ಟು, ಒಳಗೆ 20 ಡಿಗ್ರಿ ಹತ್ತಿರ ಬಂದ ಮೇಲೆ ಅದ್ದುತ್ತೇನೆ.

ಕೆಲಸ ಬೆಳಗಿನ ಜಾವ ನಾಲ್ಕೂವರೆಗೆ ಶುರು. ಡಾರ್ಕ್ ಚಾಕೊಲೇಟ್ 45 ಡಿಗ್ರಿಗೆ ಕರಗಿಸಿ, ಸೀಡ್ (ಮೊದಲೇ ಹದವಾಗಿರುವ ಗಟ್ಟಿ ಚಾಕೊಲೇಟ್ ಚೂರು) ಹಾಕಿ 28ಕ್ಕೆ ಇಳಿಸಿ, 31ರಲ್ಲಿ ಹಿಡಿದಿಡುತ್ತೇನೆ. ಚಾಕುವಿನ ತುದಿಗೆ ಹಚ್ಚಿದ್ದು ಐದು ನಿಮಿಷದಲ್ಲಿ ಒಣಗಿ ಹೊಳೆಯದಿದ್ದರೆ ಒಂದು ಉಂಡೆಯನ್ನೂ ಅದ್ದುವುದಿಲ್ಲ.

ಉಂಡೆ ಕಟ್ಟಲು ಅರ್ಧ ಕಿಲೋ ಕೇಕ್ ಪುಡಿಗೆ ಗನಾಶ್ (ಚಾಕೊಲೇಟ್, ಕ್ರೀಮ್ ಸೇರಿಸಿದ್ದು) 120 ಗ್ರಾಂ ಇರಬಹುದು. ಅಳತೆಗಿಂತ ಕೈಯೇ ಮುಖ್ಯ: ರವೆ ಉಂಡೆಯ ಹದ, ಹಿಂಡಿದರೆ ಕೂಡಬೇಕು, ಅಂಗೈಗೆ ಜಿಡ್ಡು ಹತ್ತಬಾರದು. ಗನಾಶ್‌ಗೆ ನಾನು ಇನ್ನೊಂದು ಸಾಮಾನು ಸೇರಿಸುತ್ತೇನೆ. ಅದನ್ನು ಮಾತ್ರ ಹೇಳುವುದಿಲ್ಲ.

2024ರಲ್ಲಿ ಕೋಕೋ ಬೆಲೆ ಏರಿದಾಗ ಕೈ ಕಚ್ಚಿತು. ನನ್ನ ತವರಿನಲ್ಲಿ ಅಡಿಕೆ ಮರಗಳ ನಡುವೆ ಕೋಕೋ ಇದೆ. ಹಸಿ ಬೀಜ ಪುತ್ತೂರಿನ ಕ್ಯಾಂಪ್ಕೊಗೆ (ಅಡಿಕೆ, ಕೋಕೋ ಬೆಳೆಗಾರರ ಸಹಕಾರ ಸಂಘ) ಹೋಗುತ್ತದೆ. ಅಲ್ಲಿ ಅಪ್ಪನಿಗೆ ಖುಷಿ, ಇಲ್ಲಿ ನನಗೆ ತಲೆಬಿಸಿ! ಈಗ ಒಂದು ಪೀಸ್‌ಗೆ ಖರ್ಚು 17 ರೂಪಾಯಿ ಆಸುಪಾಸು, ಮಾರುವುದು 35ಕ್ಕೆ. ಕಾಂಪೌಂಡ್ ಹಾಕಿದರೆ ಆರೇಳು ರೂಪಾಯಿ ಉಳಿಯುತ್ತದೆ. ಆದರೆ ಕಚ್ಚಿದಾಗ ಟಕ್ ಅನ್ನುವ ಆ ಸದ್ದು, ನಾಲಿಗೆ ಮೇಲೆ ಕರಗುವ ಪರಿ ಅದರಲ್ಲಿ ಬರಲ್ಲ.

ಈ ಸಲ ಹಲಸಿನ ಹಣ್ಣಿನ ಪೆರಟಿ (ಬೆಲ್ಲ ಹಾಕಿ ಗಟ್ಟಿಯಾಗಿ ಕಾಯಿಸಿದ್ದು) ಒಳಗಿಟ್ಟು ನೋಡಿದೆ. ಬೆಲ್ಲದ ಸಿಹಿಗೆ ಕಹಿ ಚಾಕೊಲೇಟ್ ಎಷ್ಟು ಚೆನ್ನಾಗಿ ಹೊಂದುತ್ತದೆ ಗೊತ್ತಾ? ಹೋಳಿಗೆಯ ಹೂರಣ ಒಳಗಿಟ್ಟಿದ್ದು ಮಾತ್ರ ನಾಲ್ಕನೇ ದಿನಕ್ಕೆ ಹುಳಿ ಬಂತು. ಹೂರಣವನ್ನು ಇನ್ನೂ ಒಣಗಿಸಿ, ಇನ್ನೊಮ್ಮೆ ಮಾಡಬೇಕು.